ಗ್ರಂಥಸಂಗ್ರಹವೂ ಗ್ರಂಥಋಣವೂ

ಚಿನ್ನವು ವಿರಳವಾದುದರಿಂದ ಬೆಲೆಯುಳ್ಳದ್ದಾಯಿತೆಂದು ಹೇಳಿದರೆ ಯಾರೂ ಆಕ್ಷೇಪಿಸಲಾರರು. ಆದರೆ ಕಾವ್ಯದ ವಿಷಯದಲ್ಲಿ ಹಾಗೆ ಹೇಳಬಹುದೆ? ಒಂದು ಕವನಸಂಗ್ರಹದ ಪ್ರತಿಗಳು ಲೋಕದಲ್ಲಿ ಮುನ್ನೂರೇ ಇವೆ ಎಂಬ ಕಾರಣದಿಂದ ಅದರೊಳಗಿನ ಕವಿತೆಗೆ ಏನಾದರೂ ಹೆಚ್ಚಿಗೆ ಬರುವುದೆ? ಬರುವುದಿಲ್ಲವಾದರೆ, ಅಂತಹ ಪ್ರತಿಯೊಂದನ್ನು ವರ್ಷಗಟ್ಟಲೆ ಹುಡುಕಿ, ಬಹಳ ಹಣ ತೆತ್ತು, ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವ ಮನುಷ್ಯನದು ವಿದ್ಯಾಪ್ರೇಮವೋ, ಬರಿಯ ಲೋಭವೋ? ಈ ಪ್ರಶ್ನೆಯನ್ನು ನಾನಾಗಿ ಎತ್ತಿಕೊಂಡವನಲ್ಲ. ನನ್ನ ಹಳೆಯ ಶಿಷ್ಯನೊಬ್ಬನು ಅದನ್ನು ನನ್ನ ಮುಂದಿಟ್ಟನು. ಅವನಿಗೆ ಉತ್ತರ ಹೇಳಹೊರಟ ನಾನು ನನ್ನ ಮನೆಯ ಬೀರುವನ್ನೇ ತೆರೆದು ನೋಡಬೇಕಾಯಿತು. ಅಲ್ಲಿ ಕಂಡುದನ್ನು ಮರೆಮಾಡದೆ ವಾಚಕಮಹಾಶಯರಿಗೆ ಅರಿಕೆಮಾಡುವುದೇ ಈ ಲೇಖನದ ಉದ್ದೇಶ.

ಆ ಶಿಷ್ಯನು ಚಾಮರಾಜನಗರದಲ್ಲಿ ನನ್ನಲ್ಲಿ ಸಂಸ್ಕೃತವನ್ನೋದಿ, ಆಮೇಲೆ ಇಂಜಿನಿಯರಾಗಿ, ಈಗ ಹಲವು ವರ್ಷಗಳಿಂದ ಐರ್ಲೆಂಡಿನ ಡಬ್ಲಿನ್ ನಗರದಲ್ಲಿದ್ದಾನೆ. ಕಳೆದ ನವರಾತ್ರಿಗೆ ಊರಿಗೆ ಬಂದವನು ನಮ್ಮ ಮನೆಗೂ ಬಂದನು. ನಮಸ್ಕಾರ ಮಾಡಿ ಕುಳಿತು, ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ತೆಳ್ಳನೆಯ ಪುಸ್ತಕವೊಂದನ್ನು ತೆಗೆದು ನನ್ನ ಕೈಯಲ್ಲಿಟ್ಟನು. ರಟ್ಟಿನ ಹೊದಿಕೆ, ಬೆನ್ನಿಗೆ ನಾರುಬಟ್ಟೆ, ಒಳಗೆ ದಪ್ಪನೆಯ ಕಾಗದದ ಮೇಲೆ ಕರ್ರನೆಯ, ದುಂಡನೆಯ, ಬಿಡಿಬಿಡಿಯಾದ ಅಕ್ಷರ. ಅದು ರವೀಂದ್ರನಾಥ ಠಾಕೂರರ 'ಅಂಚೆಮನೆ' ನಾಟಕದ ಇಂಗ್ಲಿಷ್ ಅನುವಾದ. 1914ರಲ್ಲಿ ಕೂಲಾ ಎಂಬ ಖಾಸಗಿ ಅಚ್ಚುಕೂಟದಲ್ಲಿ 400 ಪ್ರತಿಗಳು ಮಾತ್ರ ಅಚ್ಚಾದುದು.

"ಇಂತಹವು ನನ್ನ ಹತ್ತಿರ ಮೂವತ್ತಕ್ಕೆ ಮೇಲೆ ಇವೆ, ಮೇಷ್ಟ್ರೇ. ಹೆಚ್ಚಿನವು ಕವಿತೆಗಳು. ಸಂಬಳದಲ್ಲಿ ಮಿಗಿಸಿದ್ದೆಲ್ಲ ಇದಕ್ಕೇ ಹೋಗುತ್ತದೆ. ಇದೇ ಕವಿತೆಗಳು ನೂರು ರೂಪಾಯಿಗೂ ಸಿಕ್ಕುತ್ತವೆ, ಇದೇನು ಹುಚ್ಚು ಎಂದು ನಮ್ಮ ಮನೆಯವಳು ಕೇಳುತ್ತಾಳೆ. ನೀವು ಶಾಸ್ತ್ರ ಓದಿದವರು. ಇದು ದೋಷವೇ, ಹೇಳಿ" ಎಂದನು.

"ಯೋಚನೆಮಾಡಿ ಬರೆಯುತ್ತೇನಪ್ಪ" ಎಂದೆನು. ಅವನು ಆ ಪುಸ್ತಕವನ್ನು, ಮುಂದಿನ ಸಲ ಬರುವವರೆಗೆ ನಿಮ್ಮಲ್ಲಿಯೇ ಇರಲಿ, ನಿಧಾನವಾಗಿ ಓದಿ ಎಂದು ನನ್ನಲ್ಲಿ ಬಿಟ್ಟುಹೋದನು.

ಮೊದಲು ಆ ಅಚ್ಚುಕೂಟದ ವೃತ್ತಾಂತವನ್ನು ಸ್ವಲ್ಪ ಹೇಳಬೇಕು. ಕವಿ ಡಬ್ಲ್ಯೂ. ಬಿ. ಯೇಟ್ಸರ ತಂಗಿ ಎಲಿಜಬೆತ್ ಯೇಟ್ಸ್ ಎಂಬಾಕೆಯು ಡಬ್ಲಿನ್ನಿನ ಹತ್ತಿರದ ಡಂಡ್ರಮ್ಮಿನಲ್ಲಿ ಡನ್ ಈಮರ್ ಎಂಬ ಹೆಸರಿನಿಂದ ಒಂದು ಕೈಯಚ್ಚಿನ ಯಂತ್ರವನ್ನು ನಡೆಸುತ್ತಿದ್ದಳು. ಮೊಳೆ ಜೋಡಿಸುವವರೂ ಮಸಿ ಹಚ್ಚುವವರೂ ಸ್ಥಳದ ಹೆಣ್ಣುಮಕ್ಕಳೇ. ಕಾಗದವು ಆ ಸೀಮೆಯ ಗಿರಣಿಯಲ್ಲಿ ನಾರುಬಟ್ಟೆಯ ಚಿಂದಿಯಿಂದ ಮಾಡಿದುದು. 1903ರಲ್ಲಿ ಹೊರಬಂದ ಅವರ ಮೊದಲ ಪುಸ್ತಕವು ಅಣ್ಣನ ಕವನಗಳದೇ, ಪ್ರತಿಗಳು 325. 1908ರಲ್ಲಿ ಅಚ್ಚುಕೂಟವು ಕೂಲಾ ಎಂಬ ಹೊಸ ಹೆಸರನ್ನು ತಾಳಿತು. 1940ರಲ್ಲಿ ಆಕೆಯು ತೀರಿಕೊಂಡ ಮೇಲೂ ಕೆಲವು ವರ್ಷ ಪುಸ್ತಕಗಳು ಹೊರಟವು. ಆ ದಾರಿಯನ್ನು ಹಿಡಿದು 1951ರಲ್ಲಿ ಡಾಲ್ಮೆನ್, 1970ರಲ್ಲಿ ಗ್ಯಾಲರಿ ಎಂಬ ಸಣ್ಣ ಪ್ರಕಾಶನಗಳು ಅಲ್ಲಿ ಹುಟ್ಟಿ ಕವಿತೆಗಳನ್ನು ಪ್ರಕಟಿಸಿದವು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮುನ್ನೂರೋ ನಾನೂರೋ ಎಂಬ ಆ ಮಿತಿಯು ಜನರ ಆಸೆಯನ್ನು ಕೆರಳಿಸುವುದಕ್ಕೆ ಮಾತ್ರ ಕಲ್ಪಿಸಿದುದಲ್ಲ. ಕೈಯಿಂದ ಒತ್ತುವ ಯಂತ್ರ, ಬೆರಳೆಣಿಕೆಯ ಕೆಲಸಗಾರರು, ಕೆಲವೇ ಮಂದಿ ಕೊಳ್ಳುವವರು - ಇದರೊಳಗೆ ಎಷ್ಟು ಆಗುವುದೋ ಅಷ್ಟೇ ಆಯಿತು. ನಮ್ಮಲ್ಲಿಯೂ ಆರಂಭದಲ್ಲಿ ಹಾಗೆಯೇ ಅಲ್ಲವೆ? ಜಿ. ಪಿ. ರಾಜರತ್ನಂ ಅವರು ತಮ್ಮ ಪುಸ್ತಕಗಳನ್ನು ತಾವೇ ಅಚ್ಚುಹಾಕಿಸಿ, ತಾವೇ ಹೊತ್ತುಕೊಂಡು ಹೋಗಿ ಮಾರಿದರು. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ತೊಡಗಿದಾಗ ಅವರ ಬಳಿ ಇದ್ದುದು ಹಣಕ್ಕಿಂತ ಹೆಚ್ಚಾಗಿ ಉತ್ಸಾಹ. ಬಡತನದಿಂದಲೂ ಶ್ರಮದಿಂದಲೂ ಹುಟ್ಟಿದ ಮಿತಿಯು ಕಾಲಾನಂತರದಲ್ಲಿ ಪೇಟೆಯ ಬೆಲೆಯಾಗಿ ಮಾರ್ಪಡುವುದು ಲೋಕದ ವಿಚಿತ್ರಗಳಲ್ಲೊಂದು.

ಇನ್ನು ವಿಚಾರಕ್ಕೆ ಬರೋಣ. ಸಂಗ್ರಹವು ದೋಷವೆಂಬ ಪಕ್ಷವನ್ನು ಮೊದಲು ಪೂರ್ಣಬಲದಿಂದ ನಿಲ್ಲಿಸುವುದು ನ್ಯಾಯ.

ಆ ಪಕ್ಷದವರು ಹೀಗೆನ್ನುವರು. ಗ್ರಂಥವು ಇರುವುದು ಓದುವುದಕ್ಕೆ. ಮನುಷ್ಯನು ಹುಟ್ಟುತ್ತಲೇ ಹೊತ್ತುಕೊಂಡು ಬರುವ ಮೂರು ಋಣಗಳಲ್ಲಿ ಋಷಿಋಣವು ಒಂದು. ಅದು ತೀರುವುದು ಸ್ವಾಧ್ಯಾಯದಿಂದಲೇ ಹೊರತು ಪುಸ್ತಕವನ್ನು ಕೂಡಿಟ್ಟುಕೊಳ್ಳುವುದರಿಂದಲ್ಲ. ಬೀಗದೊಳಗಿನ ಪುಸ್ತಕವು ಹೂತಿಟ್ಟ ಬಿತ್ತನೆಯ ಚೀಲದಂತೆ ಬೆಳೆಯೂ ಅಲ್ಲ, ಅನ್ನವೂ ಅಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವು ಅಳಿದುಹೋದೀತೆಂದು ಓಲೆಯಲ್ಲಿ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರವನ್ನೂ ದಾನವಸ್ತುವಾಗಿ ಎಣಿಸಿದ ಜೈನರ ಧರ್ಮವನ್ನು ಆಕೆಯು ನಡೆಸಿ ತೋರಿಸಿದಳು. ಈ ನಾಡಿನ ಕಾವ್ಯಪ್ರೇಮದ ಮಾದರಿಯು ಅದು. ಪ್ರತಿಗಳು ಕಡಮೆಯೆಂದು ಆಕೆ ಹಿಗ್ಗಲಿಲ್ಲ, ಅಂಜಿದಳು.

ಮತ್ತೂ ಒಂದು ಮಾತು. ವಿರಳತೆಗೂ ಗುಣಕ್ಕೂ ಸಂಬಂಧವಿಲ್ಲ. ಇದಕ್ಕೆ ಐರ್ಲೆಂಡಿನ ನಂಟುಳ್ಳ ದೃಷ್ಟಾಂತವು ನಮ್ಮ ನೆರೆಯ ಮೈಸೂರಿನಲ್ಲಿಯೇ ದೊರೆಯುತ್ತದೆ. ಕೆ. ವಿ. ಪುಟ್ಟಪ್ಪನವರು ವಿದ್ಯಾರ್ಥಿಯಾಗಿದ್ದಾಗ 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಪದ್ಯಗಳ ಸಣ್ಣ ಪುಸ್ತಕವನ್ನು ಪ್ರಕಟಿಸಿದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಿದ್ದಾಗ ತಮ್ಮ ಇಂಗ್ಲಿಷ್ ಕವಿತೆಗಳನ್ನು ಅವರಿಗೆ ತೋರಿಸಿದರು. ಯೇಟ್ಸರ ಕಾಲದ ಐರಿಷ್ ಸಾಹಿತ್ಯಚಳುವಳಿಯಲ್ಲಿ ಬೆಳೆದ ಕಸಿನ್ಸರು, ನಿಮ್ಮ ತಾಯಿನುಡಿಯಲ್ಲಿ ಬರೆಯಿರಿ ಎಂಬ ಅಭಿಪ್ರಾಯವನ್ನು ಕೊಟ್ಟರು. ಮುಂದೆ ಕನ್ನಡಕ್ಕೆ ಆದ ಲಾಭವನ್ನು ನಾವೆಲ್ಲ ಬಲ್ಲೆವು. ಆ ಇಂಗ್ಲಿಷ್ ಪುಸ್ತಕದ ಮೊದಲ ಮುದ್ರಣದ ಪ್ರತಿಯೊಂದು ಇಂದು ದೊರೆತರೆ ಸಂಗ್ರಾಹಕನಿಗೆ ನಿಧಿ ಸಿಕ್ಕಿದಂತೆ. ಆದರೆ ಕವಿಯೇ ಬಿಟ್ಟುಬಂದ ದಾರಿಯ ಗುರುತು ಅದು! ಶ್ರೀ ರಾಮಾಯಣದರ್ಶನವು ಯಾವ ಅಂಗಡಿಯಲ್ಲಿಯಾದರೂ ಸಿಕ್ಕುವುದರಿಂದ ಅದರ ಬೆಲೆ ತಗ್ಗಿತೆ? ಕಸಿನ್ಸರು ಕೊಟ್ಟುದಾದರೂ ಏನು? ಒಂದು ಮಾತು. ಅದನ್ನು ಕೊಟ್ಟು ಅವರು ಬಡವರಾಗಲಿಲ್ಲ, ಪಡೆದವರು ಬೀರುವಿನಲ್ಲಿಡಲಿಲ್ಲ.

ಠಾಕೂರರ ಇಂಗ್ಲಿಷ್ ಗೀತಾಂಜಲಿಯದೂ ಇದೇ ಕಥೆ. 1912ರಲ್ಲಿ ಲಂಡನ್ನಿನ ಇಂಡಿಯಾ ಸೊಸೈಟಿಯು ಅದನ್ನು 750 ಪ್ರತಿಗಳಾಗಿ ಅಚ್ಚುಹಾಕಿಸಿತು. ಮಾರಾಟಕ್ಕೆ ಇದ್ದುದು 250 ಮಾತ್ರ. ಮರುವರ್ಷ ಮ್ಯಾಕ್ಮಿಲನ್ ಕಂಪನಿಯವರು ಸಾಧಾರಣ ಮುದ್ರಣವನ್ನು ತಂದುದರಿಂದ ಅದು ಲೋಕದ ಕೈಸೇರಿತು. 250 ಮನೆಗಳ ಬೀರುಗಳಲ್ಲಿಯೇ ಅದು ನಿಂತಿದ್ದರೆ ಗಂಧದ ಕೊರಡನ್ನು ತೇಯದೆ ಇಟ್ಟಂತೆ ಆಗುತ್ತಿತ್ತು.

ಈ ಪಕ್ಷವು ಬಲವಾದುದೇ. ಆದರೂ ಸಂಗ್ರಾಹಕನ ಪರವಾಗಿ ಹೇಳತಕ್ಕುದು ಇಲ್ಲದೆ ಇಲ್ಲ.

ಕೂಡಿಟ್ಟವರಿಲ್ಲದಿದ್ದರೆ ಹಂಚುವುದಕ್ಕೆ ಏನು ಉಳಿಯುತ್ತಿತ್ತು? ಮೂಡಬಿದಿರೆಯ ಬಸದಿಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗಳು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಇದ್ದವು, ಓದುವುದಕ್ಕೆ ಕೊಡುತ್ತಿರಲಿಲ್ಲ. ಎಷ್ಟೋ ಮಂದಿ ಅದನ್ನು ನಿಂದಿಸಿದರು. ಆದರೆ 1939ರಿಂದ ಧವಲೆಯು ಅಚ್ಚಾಗಿ ಬರತೊಡಗಿದಾಗ, ಅದಕ್ಕೆ ಮೂಲವಾದುದು ಹಾಗೆ ಬೀಗದೊಳಗೆ ಉಳಿದುಬಂದ ಓಲೆಗಳೇ. ನಮ್ಮ ತಾಲೂಕಿನ ಮಲೆಯೂರಿನ ಕನಕಗಿರಿಯನ್ನೇ ನೋಡಿ. 1804ರ ಸುಮಾರಿಗೆ ಕರ್ನಲ್ ಮೆಕೆಂಜಿಯು ಈ ಕಡೆಗೆ ಬಂದಾಗ ಅಲ್ಲಿನ ದೇವಚಂದ್ರನು ಅವನಿಗೆ ಹಳೆಯ ವೃತ್ತಾಂತಗಳನ್ನು ಒದಗಿಸಿಕೊಟ್ಟನು. ಅದೇ ದೇವಚಂದ್ರನು ಮುಂದೆ ರಾಜಾವಳೀಕಥೆಯನ್ನು ಬರೆದನು. ಮೆಕೆಂಜಿ ಊರೂರುಗಳಿಂದ ಕೂಡಿಸಿದ ಕಡತಗಳಲ್ಲಿ ಬಹುಭಾಗವು ಮದರಾಸಿನ ಹಸ್ತಪ್ರತಿ ಭಂಡಾರವನ್ನು ಸೇರಿತು. ನಮ್ಮ ಊರುಗಳ ಸೊತ್ತು ಪರಸ್ಥಳಕ್ಕೆ ಹೋಯಿತೆಂದು ದುಃಖಿಸಬಹುದು. ಆದರೆ ಊರಿನಲ್ಲಿಯೇ ಉಳಿದ ಕಡತಗಳಲ್ಲಿ ಎಷ್ಟು ಗೆದ್ದಲಿಗೂ ಒಲೆಗೂ ಹೋದವೆಂಬುದನ್ನು ನನ್ನ ವಯಸ್ಸಿನವರೆಲ್ಲ ಕಣ್ಣಾರೆ ಕಂಡಿದ್ದೇವೆ.

ಅಲ್ಲದೆ ಪದ್ಯ ಬೇರೆ, ಪ್ರತಿ ಬೇರೆ. ಕವಿಗಳು ಮುದ್ರಣದಿಂದ ಮುದ್ರಣಕ್ಕೆ ಪದಗಳನ್ನು ತಿದ್ದುವುದುಂಟು. ಮೊದಲು ಹೇಗಿತ್ತೆಂಬುದಕ್ಕೆ ಮೊದಲ ಮುದ್ರಣವೇ ಸಾಕ್ಷಿ. ಪಾಠಾಂತರವನ್ನು ತೂಗಿನೋಡುವ ವಿದ್ಯೆಯಲ್ಲಿ ಬೆಳೆದ ನಾನು ಅದನ್ನು ಅಲ್ಲಗಳೆಯಲಾರೆ. ಮತ್ತು ಕೈಯಿಂದ ಚೆನ್ನಾಗಿ ಮಾಡಿದ ವಸ್ತುವನ್ನು ಕೈಯಲ್ಲಿ ಹಿಡಿದಾಗ ಮನಸ್ಸಿಗಾಗುವ ಸಂತೋಷವು ಲೋಭವಲ್ಲ. ನನ್ನ ಶಿಷ್ಯನು ತಂದ ಪುಸ್ತಕದ ಹಾಳೆಯ ಮೇಲೆ ಬೆರಳಾಡಿಸಿದಾಗ ಮೊಳೆಯು ಕಾಗದದಲ್ಲಿ ಊರಿದ ತಗ್ಗು ಕೈಗೆ ತಿಳಿಯಿತು. ನೂರು ವರ್ಷದ ಹಿಂದೆ ಯಾವಳೋ ಒಬ್ಬ ಹುಡುಗಿ ಬಲಕೊಟ್ಟು ಎಳೆದುದರ ಗುರುತು ಅದು. ಅದನ್ನು ಕಾಪಾಡಿದವನಿಗೆ ನಾನು ಕೃತಜ್ಞನೇ.

ಹೀಗೆ ಎರಡು ಪಕ್ಷಗಳೂ ಸಮಬಲವಾಗಿ ನಿಂತುವು. ಶಾಸ್ತ್ರದಲ್ಲಿ ಇಂತಹ ಸಂದರ್ಭದಲ್ಲಿ ಭೇದವೊಂದನ್ನು ಕಾಣಬೇಕೆಂಬ ವಾಡಿಕೆಯಿದೆ. ಕಂಡದ್ದು ಇದು: ಪ್ರಶ್ನೆಯು ಇಟ್ಟುಕೊಳ್ಳಬಹುದೆ ಕೂಡದೆ ಎಂಬುದಲ್ಲ, ಏನೆಂದು ಭಾವಿಸಿ ಇಟ್ಟುಕೊಳ್ಳುವುದು ಎಂಬುದು. ಒಂದು ವಸ್ತುವನ್ನು 'ನನ್ನದು' ಎಂದು ಇಟ್ಟುಕೊಳ್ಳುವುದುಂಟು; 'ನನ್ನ ವಶದಲ್ಲಿದೆ' ಎಂದು ಇಟ್ಟುಕೊಳ್ಳುವುದುಂಟು. ಎರಡನೆಯದಕ್ಕೆ ಧರ್ಮಶಾಸ್ತ್ರದಲ್ಲಿ ನಿಕ್ಷೇಪವೆಂದು ಹೆಸರು. ಮನುವು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಸಾಲದ ಬೆನ್ನಲ್ಲೇ ನಿಕ್ಷೇಪವನ್ನು ಹೇಳುತ್ತಾನೆ. ನಂಬಿ ಇಟ್ಟ ವಸ್ತುವನ್ನು ಕೆಡದಂತೆ ಕಾಯಬೇಕು, ಕೇಳಿದಾಗ ಕೊಡಬೇಕು. ಅಪರೂಪದ ಗ್ರಂಥವು ಹಿಂದಿನವರು ಮುಂದಿನವರಿಗಾಗಿ ನಮ್ಮಲ್ಲಿಟ್ಟ ನಿಕ್ಷೇಪವೆಂದು ಭಾವಿಸಿದರೆ ಸಂಗ್ರಹವು ಧರ್ಮ, ಇಲ್ಲವಾದರೆ ಲೋಭ. ಈ ಸಿದ್ಧಾಂತವು ನನಗೆ ಬಹಳ ಚೆನ್ನಾಗಿ ಕಂಡಿತು. ಶಿಷ್ಯನಿಗೆ ಹೀಗೆಯೇ ಬರೆಯಬೇಕೆಂದು ಕಾಗದ ತೆಗೆದುಕೊಂಡೆನು.

ಬರೆಯುವುದಕ್ಕೆ ಮುಂಚೆ ಉದಾಹರಣೆಗೆಂದು ನನ್ನ ಬೀರುವನ್ನು ತೆರೆದೆನು. ಈ ಉದ್ಯೋಗವು ನನಗೂ ಉಂಟು. ಐರ್ಲೆಂಡಿನವು ಅಲ್ಲ, ಕನ್ನಡದ ಹಳೆಯ ಮುದ್ರಣಗಳು, ಒಟ್ಟು 43. ಅವುಗಳ ನಡುವೆ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು', 1926ರ ಮೊದಲ ಮುದ್ರಣ. ಅದನ್ನು ಕಂಡೊಡನೆ ನನ್ನ ಲೇಖನಿಯು ನಿಂತುಹೋಯಿತು.

ಆ ಪುಸ್ತಕವು ನನ್ನದಲ್ಲ. ನಾನು ಮೈಸೂರಿನ ಸಂಸ್ಕೃತ ಪಾಠಶಾಲೆಯ ವ್ಯಾಸಂಗ ಮುಗಿಸಿ ಗುಂಡ್ಲುಪೇಟೆಯಲ್ಲಿ ಮೇಷ್ಟರಾಗಿದ್ದ ಕಾಲದಲ್ಲಿ, ಅಲ್ಲಿ ವಯೋವೃದ್ಧರೊಬ್ಬರಿದ್ದರು. ಮೈಸೂರಿನಲ್ಲಿ ಓದುತ್ತಿದ್ದಾಗ ಆ ಪುಸ್ತಕವನ್ನು ಹೊಸದಾಗಿ ಕೊಂಡವರು. ಸಂಜೆಯ ಹೊತ್ತು ಅವರ ಜಗಲಿಯ ಮೇಲೆ ಕುಳಿತು ಕಾವ್ಯಪ್ರಸಂಗ ಮಾಡುತ್ತಿದ್ದೆವು. 1986ರಲ್ಲಿ ಒಂದು ದಿನ, ಎರಡು ವಾರದಲ್ಲಿ ಹಿಂದಿರುಗಿಸುತ್ತೇನೆಂದು ಹೇಳಿ ಅದನ್ನು ತಂದೆನು. ಅಷ್ಟರಲ್ಲಿ ಅವರಿಗೆ ದೇಹಾಲಸ್ಯವಾಯಿತು, ಮರುವರ್ಷ ತೀರಿಕೊಂಡರು. ನನಗೆ ಚಾಮರಾಜನಗರಕ್ಕೆ ವರ್ಗವಾಯಿತು. ಮರೆತೆನೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಮೊದಲು ನಾಚಿಕೆಯಿಂದ ತಡಮಾಡಿದೆನು. ತಡವಾದುದರಿಂದ ಇನ್ನಷ್ಟು ನಾಚಿದೆನು. ಕೊನೆಗೆ, ಆ ಮನೆಯಲ್ಲಿ ಈಗ ಇದನ್ನು ಓದುವವರು ಯಾರಿದ್ದಾರೆ, ನನ್ನಲ್ಲಿದ್ದರೇ ಕ್ಷೇಮವೆಂದು ಸಮಾಧಾನ ಹೇಳಿಕೊಂಡೆನು. ಪುಸ್ತಕವು ಪರಹಸ್ತಕ್ಕೆ ಹೋದರೆ ಹೋದಂತೆಯೇ ಎಂದು ಹಳಬರು ಎಚ್ಚರಿಸಿದ್ದಾರೆ. ಆ ಎಚ್ಚರಿಕೆಯನ್ನು ನಾನು ಹುಡುಗರಿಗೆ ಎಷ್ಟೋ ಸಲ ಹೇಳಿದ್ದೆನು. ಪರಹಸ್ತವೆಂದರೆ ನನ್ನ ಹಸ್ತವೇ ಎಂದು ಹೊಳೆದಿರಲಿಲ್ಲ.

ಬೇಡಿ ತಂದ ವಸ್ತುವಿಗೆ ಶಾಸ್ತ್ರದಲ್ಲಿ ಯಾಚಿತವೆಂದು ಹೆಸರು. ಅದಕ್ಕೂ ನಿಕ್ಷೇಪದ ವಿಧಿಯೇ ಸಲ್ಲುತ್ತದೆಂದು ಯಾಜ್ಞವಲ್ಕ್ಯನು ಹೇಳಿದ್ದಾನೆ. ಅದು ನನಗೆ ಕಂಠಪಾಠವಾಗಿತ್ತು.

ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ಆ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಆ ಹಿರಿಯರು ತಮ್ಮ ನಾಲ್ವರು ಮಕ್ಕಳ ಜನನವನ್ನು ಶಾಯಿಯಲ್ಲಿ ಬರೆದಿದ್ದರು: ಸಂವತ್ಸರ, ಮಾಸ, ತಿಥಿ, ನಕ್ಷತ್ರ, ಘಳಿಗೆ. ಅದನ್ನು ನಾನು ಎಷ್ಟೋ ಬಾರಿ ನೋಡಿದ್ದೆನು. ನೋಡಿದಾಗಲೆಲ್ಲ, ಛೇ, ಇಷ್ಟು ಒಳ್ಳೆಯ ಪ್ರತಿಗೆ ಈ ಕಲೆಯೊಂದು ಇಲ್ಲದಿದ್ದರೆ ಎಂದುಕೊಂಡಿದ್ದೆನು. ಸಂಗ್ರಾಹಕನ ಕಣ್ಣು ಹೇಗೆ ಕೆಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮರುದಿನ ಬೆಳಿಗ್ಗೆ ಪುಸ್ತಕವನ್ನು ಕಾಗದದಲ್ಲಿ ಸುತ್ತಿಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದೆನು. ತೆರಕಣಾಂಬಿ ದಾಟುವವರೆಗೂ ಹಿಂದಿರುಗಿಬಿಡೋಣವೆಂಬ ಯೋಚನೆಯು ಬಿಡಲಿಲ್ಲ. ಮನೆಯು ಇದ್ದಲ್ಲಿಯೇ ಇತ್ತು. ಹಂಚು ಹೋಗಿ ತಾರಸಿಯಾಗಿತ್ತು. ಬಾಗಿಲು ತೆರೆದವರು ಆ ಹಿರಿಯರ ಸೊಸೆ. ಎಪ್ಪತ್ತರ ಹತ್ತಿರದ ವಯಸ್ಸು. ನಾನು ಯಾರೆಂದು ಹೇಳಿಕೊಂಡೆನು.

"ಓ, ಸಂಸ್ಕೃತದ ಮೇಷ್ಟ್ರೇ! ಬನ್ನಿ, ಒಳಗೆ ಬನ್ನಿ. ಮಾವನವರ ಹತ್ತಿರ ಬರುತ್ತಿದ್ದಿರಿ" ಎಂದು ಕರೆದು ಕೂರಿಸಿದರು. ಅವರ ಯಜಮಾನರು ಹೋಗಿ ಆರು ವರ್ಷವಾಗಿತ್ತು. ನಾನು ಪುಸ್ತಕವನ್ನು ಅವರ ಕೈಗೆ ಕೊಟ್ಟು, "ಇದು ನಿಮ್ಮದು, ತಾಯಿ. ಅಂದು ತೆಗೆದುಕೊಂಡುಹೋದವನು ಕೊಡಲಿಲ್ಲ. ತಪ್ಪಾಯಿತು" ಎಂದೆನು.

ಅವರು ಪದ್ಯಗಳ ಕಡೆ ನೋಡಲಿಲ್ಲ. ಹಾಳೆ ಮಗುಚುತ್ತ ಹೋಗಿ ಕೊನೆಗೆ ಬಂದು ನಿಂತರು. "ಇದು ಮಾವನವರ ಅಕ್ಷರ" ಎಂದರು. ಆಮೇಲೆ ಕನ್ನಡಕ ತಂದು ಕೊನೆಯ ಸಾಲನ್ನು ಎರಡು ಸಲ ಓದಿದರು. ವಿರೋಧಿ ಸಂವತ್ಸರ; ಉತ್ತರಾಭಾದ್ರಾ ನಕ್ಷತ್ರ.

"ಇವರ ನಕ್ಷತ್ರ ಉತ್ತರಾಭಾದ್ರೆಯೋ ರೇವತಿಯೋ ಅಂತ ಅತ್ತೆಗೆ ಸರಿಯಾಗಿ ನೆನಪಿರಲಿಲ್ಲ. ಅಪ್ಪ ಯಾವುದೋ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ ಅಂತ ಇವರು ಅಟ್ಟವೆಲ್ಲ ಹುಡುಕಿದರು. ಸಿಕ್ಕಲಿಲ್ಲ. ಕೊನೆಗೆ ರೇವತಿ ಅಂತಲೇ ಇಟ್ಟುಕೊಂಡು ಅರವತ್ತರ ಶಾಂತಿ ಮಾಡಿಸಿದೆವು" ಎಂದರು.

ನಾನು ಏನು ಹೇಳಲಿ? ಆ ಶಾಂತಿಯು ನಡೆದುದು ಮತ್ತೆ ಬಂದ ವಿರೋಧಿ ಸಂವತ್ಸರದಲ್ಲಿ, 2009ರಲ್ಲಿ. ಆ ದಿನ ಈ ಪುಸ್ತಕವು ಒಂದು ಗಂಟೆಯ ಹಾದಿಯಲ್ಲಿ ನನ್ನ ಬೀರುವಿನಲ್ಲಿ, ನುಸಿಗುಳಿಗೆಯ ವಾಸನೆಯೊಡನೆ, ಬಹಳ ಕ್ಷೇಮವಾಗಿ ಇದ್ದಿತು.

"ಹೋಗಲಿ ಬಿಡಿ ಮೇಷ್ಟ್ರೇ, ಈಗಲಾದರೂ ಬಂತಲ್ಲ" ಎಂದು ಅವರೇ ನನ್ನನ್ನು ಸಮಾಧಾನಪಡಿಸಿ ಕಾಫಿ ತಂದುಕೊಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಮಾತು ಕೇಳಲೇ? ಪದ್ಯ ನಮ್ಮಲ್ಲಿ ಯಾರೂ ಓದುವುದಿಲ್ಲ. ಈ ಒಂದು ಹಾಳೆ ಕಿತ್ತುಕೊಟ್ಟು ಪುಸ್ತಕ ನೀವೇ ಇಟ್ಟುಕೊಳ್ಳಿ. ನಿಮಗೂ ಆಸೆ ಇದ್ದ ಹಾಗಿದೆ" ಎಂದರು.

ವಾಚಕರೇ, ಆ ಮಾತನ್ನು ಕೇಳಿದ ಕ್ಷಣದಲ್ಲಿ ನನ್ನ ಮನಸ್ಸು ಒಮ್ಮೆ ಹೌದೆಂದಿತು. ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತೇನೆ. ಆದರೆ ಆ ಹಾಳೆಯನ್ನು ಕೀಳಲು ಕೈ ಬರಲಿಲ್ಲ. ನಾನು ಕಲೆಯೆಂದುಕೊಂಡಿದ್ದುದೇ ಆ ಪ್ರತಿಯಲ್ಲಿ ಬೇರೆಲ್ಲಿಯೂ ಸಿಕ್ಕದ ವಸ್ತು. 'ಇಂಗ್ಲಿಷ್ ಗೀತಗಳು' ಅನೇಕ ಸಲ ಮರುಮುದ್ರಣವಾಗಿದೆ. 1926ರ ಪ್ರತಿಗಳೂ ಗ್ರಂಥಾಲಯಗಳಲ್ಲಿ ಇದ್ದಾವು. ಆ ತಂದೆಯು ಮಗ ಹುಟ್ಟಿದ ರಾತ್ರಿ ಘಳಿಗೆ ನೋಡಿ ಬರೆದ ಸಾಲು ಒಂದೇ ಪ್ರತಿ. ಅದಕ್ಕೆ ತನಗೆ ಅತ್ಯಂತ ಪ್ರಿಯವಾದ ಪುಸ್ತಕವನ್ನೇ ಆತನು ಆರಿಸಿಕೊಂಡನು ಎಂಬುದೂ ಆ ಮನೆಯ ಚರಿತ್ರೆಯೇ. ಎರಡನ್ನೂ ಬೇರೆಮಾಡಬೇಡಿ, ಮೊಮ್ಮಕ್ಕಳಿಗೆ ತೋರಿಸಿ ಎಂದು ಹೇಳಿ ಬರಿಗೈಯಲ್ಲಿ ಹಿಂದಿರುಗಿದೆನು.

ನಿಕ್ಷೇಪವೆಂಬ ನನ್ನ ಸಿದ್ಧಾಂತವು ತಪ್ಪಾಗಿರಲಿಲ್ಲ, ಅದು ಅಪೂರ್ಣವಾಗಿತ್ತು. ಮುಂದಿನವರಿಗಾಗಿ ಕಾಯುತ್ತೇನೆಂದು ಹೇಳುವುದು ಸುಲಭ. ಮುಂದಿನವರು ಯಾರೋ ಮುಖವಿಲ್ಲದವರು, ಬಂದು ಕೇಳುವುದಿಲ್ಲ. ಹಿಂದಿನವರಿಗೆ ಮುಖವಿದೆ, ಮನೆಯಿದೆ, ಬೀದಿಯಿದೆ. ಅವರ ಋಣವನ್ನು ಬದಿಗಿಟ್ಟು ಮುಂದಿನವರ ಹೆಸರು ಹೇಳುವ ಸಂಗ್ರಾಹಕನು ನಿಕ್ಷೇಪವೆಂಬ ಒಳ್ಳೆಯ ಶಬ್ದವನ್ನೇ ಬೀಗವಾಗಿ ಬಳಸಿಕೊಳ್ಳುತ್ತಾನೆ. ನಾನು ಮಾಡಿದುದು ಅದೇ. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದರೆಂದು ಎಲ್ಲರೂ ಬಲ್ಲೆವು. ಆ ಓಲೆಯ ಪ್ರತಿಯನ್ನು ತಂದು ಪುಸ್ತಕಭಂಡಾರಕ್ಕೆ ಒಪ್ಪಿಸಿದವನು ತಂಜಾವೂರು ಸೀಮೆಯ ಒಬ್ಬ ಪಂಡಿತನೆಂದು ಮಾತ್ರ ಹೇಳುತ್ತಾರೆ. ತನ್ನ ಹೆಸರನ್ನೂ ಉಳಿಸಿಕೊಳ್ಳದೆ ವಸ್ತುವನ್ನು ಕೈಬಿಟ್ಟ ಅವನ ಮುಂದೆ, ವಸ್ತುವನ್ನು ಹಿಡಿದು ಕುಳಿತ ನನ್ನಂತಹವರು ಬಹಳ ಸಣ್ಣವರು.

ಆದಕಾರಣ ಶಿಷ್ಯನಿಗೆ ಬರೆದ ಕಾಗದದಲ್ಲಿ ಶಾಸ್ತ್ರವಾಕ್ಯಗಳನ್ನು ಕಡಮೆಮಾಡಿ, ನಾನು ಕಲಿತುದನ್ನಷ್ಟೇ ತಿಳಿಸಿದೆನು. ಕೊಳ್ಳುವುದು ದೋಷವಲ್ಲ. ನ್ಯಾಯವಾದ ಹಣದಿಂದ, ಮನೆಯವರ ಅನ್ನಕ್ಕೂ ಮಕ್ಕಳ ವಿದ್ಯೆಗೂ ಕೊರತೆಯಾಗದಂತೆ ಕೊಳ್ಳು. ಆದರೆ ಪ್ರತಿಯೊಂದು ಪುಸ್ತಕವೂ ಯಾರ ಮನೆಯಿಂದ ಬಂದಿತೆಂಬುದನ್ನು ತಿಳಿದಮಟ್ಟಿಗೆ ಒಂದು ಚೀಟಿಯಲ್ಲಿ ಬರೆದಿಡು. ಒಳಗೆ ಯಾರದೋ ಹೆಸರು, ಯಾವುದೋ ಒಸಗೆಯ ಮಾತು ಬರೆದಿದ್ದರೆ ಅದನ್ನು ಕಲೆಯೆಂದು ಎಣಿಸಬೇಡ. ಕೊಂಡುದನ್ನು ಓದು, ಓದದಿದ್ದರೆ ಕೊಳ್ಳಬೇಡ. ಓದಬೇಕೆಂದು ಕೇಳಿದವನಿಗೆ ನಿನ್ನ ಮೇಜಿನ ಮುಂದೆ ಕುಳಿತು ಓದುವುದಕ್ಕೆ ಕೊಡು. ಪುಟಗಳ ಛಾಯಾಚಿತ್ರ ಬೇಕೆಂದರೆ ಬೇಡವೆನ್ನಬೇಡ. ನಿನ್ನ ತರುವಾಯ ಅವು ಎಲ್ಲಿಗೆ ಹೋಗಬೇಕೆಂಬುದನ್ನು ಇಂದೇ ಗೊತ್ತುಮಾಡಿ ಮನೆಯವಳಿಗೆ ಹೇಳಿಡು. ಹೀಗಾದರೆ ನಿನ್ನ ಹುಚ್ಚು ಒಳ್ಳೆಯ ಹುಚ್ಚೇ.

ಪರೋಪದೇಶಕ್ಕೆ ಪಾಂಡಿತ್ಯವೊಂದೇ ಸಾಲದು, ನಾನೂ ನಡೆಯಬೇಕಲ್ಲ. ಬೀರುವಿನಲ್ಲಿ ಉಳಿದ 42 ಪುಸ್ತಕಗಳ ಪಟ್ಟಿಯನ್ನು ಮಾಡಿದೆನು. ಕೊಂಡವು, ಬಹುಮಾನವಾಗಿ ಬಂದವು, ಬೇಡಿ ತಂದವು ಎಂದು ಮೂರು ಅಂಕಣ. ಮೂರನೆಯ ಅಂಕಣದಲ್ಲಿ ಇನ್ನೂ 11 ಇದ್ದುವು. ಅವುಗಳಲ್ಲಿ ಏಳನ್ನು ಈ ಕೆಲವು ತಿಂಗಳುಗಳಲ್ಲಿ ಯಳಂದೂರು, ಕೊಳ್ಳೇಗಾಲ, ಗುಂಡ್ಲುಪೇಟೆಗಳ ಮನೆಗಳಿಗೆ ನಾನೇ ಹೋಗಿ ಮುಟ್ಟಿಸಿದೆನು. ಒಂದು ಮನೆಯವರು ಹಿಂದಕ್ಕೆ ಬೇಡವೆಂದು ಅದನ್ನು ನನಗೇ ಕೊಟ್ಟರು. ಅಂದಿನಿಂದ ಅದು ನಿಜವಾಗಿ ನನ್ನದು. ಇನ್ನೊಂದು ಮನೆಯಲ್ಲಿ ಒಳ್ಳೆಯ ಮಾತು ಸಿಕ್ಕಲಿಲ್ಲ. ಅದೂ ನನಗೆ ಸಲ್ಲತಕ್ಕದ್ದೇ. ಉಳಿದ ನಾಲ್ಕರ ಮನೆಯವರು ಎಲ್ಲಿರುವರೆಂದು ವಿಚಾರಿಸುತ್ತಿದ್ದೇನೆ. ಸಿಕ್ಕದಿದ್ದರೆ, ಯಾರಿಂದ ಬಂದುದೆಂದು ಮೊದಲ ಪುಟದಲ್ಲಿ ಬರೆದು ಒಂದು ಸಾರ್ವಜನಿಕ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದಿದ್ದೇನೆ.

ಶಿಷ್ಯನು ಬಿಟ್ಟುಹೋದ 'ಅಂಚೆಮನೆ'ಯು ಈಗ ನನ್ನ ಮೇಜಿನ ಮೇಲಿದೆ. ಕಾಯಿಲೆಯ ಹುಡುಗ ಅಮಲನು ಕೋಣೆಯಿಂದ ಹೊರಗೆ ಹೋಗಕೂಡದೆಂದು ಕಟ್ಟುಪಾಡಾಗಿ, ಕಿಟಕಿಯ ಬಳಿ ಕುಳಿತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುವ ಕಥೆಯಲ್ಲವೆ ಅದು? ಅಂತಹ ಪುಸ್ತಕವನ್ನು ಬೀಗದೊಳಗಿಡಲು ಮನಸ್ಸಾಗಲಿಲ್ಲ. ಶಿಷ್ಯನ ಒಪ್ಪಿಗೆಯನ್ನು ಪಡೆದು, ನಮ್ಮ ಬೀದಿಯ ಹೈಸ್ಕೂಲಿನ ಇಬ್ಬರು ಹುಡುಗಿಯರಿಗೆ ಭಾನುವಾರದ ಬೆಳಿಗ್ಗೆ, ಕೈ ತೊಳೆದು ಒರೆಸಿಕೊಂಡು ಬನ್ನಿರೆಂದು ಹೇಳಿ, ಅದರಿಂದಲೇ ಪಾಠ ಹೇಳುತ್ತಿದ್ದೇನೆ. ಮೂರು ಭಾನುವಾರ ಆಗಿದೆ. ಅವರು ಪುಟ ಮಗುಚುವಾಗ ನನ್ನ ಎದೆ ಇನ್ನೂ ಒಂದಿಷ್ಟು ಹಾರುತ್ತದೆ. ಪುಸ್ತಕದೊಳಗೆ ಒಂದು ಚೀಟಿಯನ್ನಿಟ್ಟು, ಇದು ಇಂಥವನದು, ನನ್ನದಲ್ಲ, ಬಂದಾಗ ಕೊಡತಕ್ಕದ್ದು ಎಂದು ದಪ್ಪ ಅಕ್ಷರದಲ್ಲಿ ಬರೆದು, ಅದನ್ನು ನಮ್ಮ ಮನೆಯವರಿಗೂ ತೋರಿಸಿದ್ದೇನೆ.